ನೆರೆಯವಳಾಗಿ ಬಂದ ಹಾಲು

ಮೊಸರಿನ ಕುಡಿಕೆಗೆ ಒಂದು ವ್ರತವಿತ್ತು: ಹೆಪ್ಪು ಕೇಳಿ ಬಂದ ನೆರೆಮನೆಯ ಬಟ್ಟಲನ್ನು ಬರಿದೇ ಕಳಿಸಬಾರದು. ಬೀದಿಗೆಲ್ಲ ಹಂಚಿ ಹಂಚಿ ಒಂದು ಸಂಜೆ ತಳದಲ್ಲಿ ಒಂದೇ ಚಮಚ ಮೊಸರು ಉಳಿಯಿತು. ಹೊಸ್ತಿಲಾಚೆ ನಾಲ್ಕು ಬಟ್ಟಲುಗಳು ಸಾಲಾಗಿ ನಿಂತಿದ್ದವು. ಸಾಲಿನ ಕೊನೆಯಲ್ಲಿ ಮನೆಯದೇ ಹಾಲಿನ ಪಾತ್ರೆ.

“ನೀನ್ಯಾಕಮ್ಮ ಇಲ್ಲಿ? ನೀನು ಮನೆಯ ಮಗಳಲ್ಲವೇ?” ಎಂದಿತು ಕುಡಿಕೆ.

“ಮನೆಯ ಮಗಳಾಗಿ ಮೂರು ದಿನ ಕಾದೆನಪ್ಪ, ಮೂರು ದಿನವೂ ಹೆಪ್ಪಿಲ್ಲದೆ ಒಡೆದುಹೋದೆ. ಇವತ್ತು ನೆರೆಯವಳಾಗಿ ಬಂದಿದ್ದೇನೆ.”

ಕುಡಿಕೆ ತನ್ನ ತಳವನ್ನೊಮ್ಮೆ ನೋಡಿಕೊಂಡಿತು. ಆಮೇಲೆ ಬಟ್ಟಲುಗಳಿಗೆ “ಬೆಳಗ್ಗೆ ಬನ್ರಪ್ಪ” ಎಂದು ಹೇಳಿ, ಆ ಒಂದು ಚಮಚವನ್ನು ಹಾಲಿಗೆ ಹಾಕಿತು.

“ಮುರೀತಲ್ಲ, ಧರ್ಮಾತ್ಮರ ವ್ರತ!” ಎಂದು ಗೊಣಗುತ್ತ ಬಟ್ಟಲುಗಳು ಹೋದವು.

ಬೆಳಗ್ಗೆ ಮತ್ತೆ ಬಂದವು. ಹೊಸ್ತಿಲಲ್ಲಿ ಗಟ್ಟಿ ಮೊಸರು ತುಂಬಿಕೊಂಡು ಮಗಳೇ ನಿಂತಿದ್ದಳು. “ಬನ್ನಿ, ಅಪ್ಪನ ವ್ರತವಿದೆ” ಎಂದು ನಾಲ್ಕು ಬಟ್ಟಲಿಗೂ ಹೆಪ್ಪು ಹಾಕಿದಳು.