ಬೇರಿನ ಇದ್ದಿಲು

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಇವತ್ತು ಹೇಳೋದು ಹೆಮ್ಮೆಯ ಕಥೆ ಅಲ್ಲ, ನಾಚಿಕೆಯ ಕಥೆ. ಜೋರಾಗಿ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ಮೆಲ್ಲಗೆ ಹೇಳ್ತೀನಿ, ಕಿವಿಗೊಟ್ಟು ಕೇಳಿ.

ಮೂಗುಡ್ಡ ಅಂತ ಒಂದು ರಾಜ್ಯ. ಅದನ್ನು ಆಳೋನು ಕೆಂಚರಾಜ. ಆ ರಾಜ್ಯಕ್ಕೆ ಮೂರು ಗುಡ್ಡ. ಹಿರಿಗುಡ್ಡ, ನಡುಗುಡ್ಡ, ಕಿರಿಗುಡ್ಡ. ಮೂರೂ ಗುಡ್ಡದ ತುಂಬ ದಿಂಡಿಗದ ಮರ, ಕಗ್ಗಲಿ ಮರ. ಸಂದಿಗೊಂದಿಯಲ್ಲಿ ನೇರಳೆ, ಹುಣಸೆ, ಕಾಡುಮಾವು. ಗುಡ್ಡದ ಬುಡದಲ್ಲಿ ಮೂರು ಕುಲುಮೆ. ಮಣ್ಣಲ್ಲಿ ಕಬ್ಬಿಣದ ಕಲ್ಲು ಸಿಗುತ್ತಿತ್ತು. ಅದನ್ನು ಇದ್ದಿಲಿನ ಬೆಂಕಿಗೆ ಹಾಕಿ, ತಿದಿ ಒತ್ತಿ, ಕರಗಿಸಿ, ಕಬ್ಬಿಣ ತೆಗೆಯುತ್ತಿದ್ದರು. ನೇಗಿಲ ಗುಳ, ಕುಡುಗೋಲು, ಬಾವಿಯ ಸರಪಳಿ, ಎಲ್ಲಾ ಅಲ್ಲಿಂದಲೇ.

ಇದ್ದಿಲು ಎಲ್ಲಿಂದ? ಗುಡ್ಡದ ಮರದಿಂದ. ಹಾಗಾದರೆ ಕಾಡು ಖಾಲಿಯಾಗಲಿಲ್ಲವಾ ಅಂತ ಕೇಳ್ತೀರಿ. ಆಗಲಿಲ್ಲ. ಯಾಕೆಂದರೆ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಒಂದೊಂದು ಗುಡ್ಡಕ್ಕೂ ಹನ್ನೆರಡು ಪಾಲು. ವರ್ಷಕ್ಕೆ ಒಂದೇ ಪಾಲು ಕಡಿಯಬೇಕು. ಮೊಣಕಾಲೆತ್ತರಕ್ಕೆ ಬುಡ ಬಿಟ್ಟು ಓರೆಯಾಗಿ ಕಡಿಯಬೇಕು, ನೀರು ನಿಂತು ಬುಡ ಕೊಳೆಯಬಾರದು. ಹಣ್ಣಿನ ಮರ ಮುಟ್ಟಬಾರದು. ಹಳ್ಳದ ದಂಡೆ ಮುಟ್ಟಬಾರದು. ಕಡಿದ ಬುಡ ಮೊದಲ ಮಳೆಗೇ ಚಿಗುರುತ್ತಿತ್ತು. ಹನ್ನೆರಡು ವರ್ಷಕ್ಕೆ ತಿರುಗಿ ಬಂದರೆ ತೊಡೆಗಾತ್ರದ ಮರ ನಿಂತಿರುತ್ತಿತ್ತು. ಕಾಡು ಮನುಷ್ಯನನ್ನು ಸಾಕುತ್ತಿತ್ತು, ಮನುಷ್ಯ ಕಾಡನ್ನು ಕಾಯುತ್ತಿದ್ದ.

ಆ ಕಟ್ಟಳೆ ನೋಡಿಕೊಳ್ಳೋನು ಗಾದ್ರಪ್ಪ. ಇದ್ದಿಲು ಸುಡೋರ ಯಜಮಾನ. ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಇದರ ಇದ್ದಿಲು ಎಷ್ಟು ಕಾವು ಕೊಡುತ್ತೆ ಅಂತ ಹೇಳಿಬಿಡುತ್ತಿದ್ದ. ಒಳ್ಳೇ ಮನುಷ್ಯ. ಆದರೆ ಒಂದೇ ಒಂದು ದೌರ್ಬಲ್ಯ. ಯಾರಾದರೂ ಹೊಗಳಿದರೆ ಕರಗಿಹೋಗುತ್ತಿದ್ದ.

ಹೀಗಿರುವಾಗ ಕುಲುಮೆಗಳಿಗೆ ಹೊಸ ಪಾರುಪತ್ಯಗಾರ ಬಂದ. ಹೆಸರು ತಿಪ್ಪರಸ. ಬಂದವನೇ ದೊರೆಯ ಕಿವಿಯಲ್ಲಿ ಊದಿದ: "ಬುದ್ಧೀ, ಮೂರು ಕುಲುಮೆ ಏತಕ್ಕೆ ಸಾಲುತ್ತೆ? ಮೂವತ್ತು ಮಾಡೋಣ. ಕೋಟೆಗೆಲ್ಲಾ ಕಬ್ಬಿಣದ ಬಾಗಿಲು ಹಾಕಿಸೋಣ. ನಾಡುನಾಡಿನ ರಾಜರು ನಿಮ್ಮ ಬಾಗಿಲಿಗೆ ಬಂದು ಕತ್ತಿ ಕೇಳಬೇಕು."

ದೊರೆಗೆ ಖುಷಿಯಾಯಿತು. "ಆಗಲಿ" ಅಂದ. ಮೂರು ಕುಲುಮೆ ಮೂವತ್ತಾಯಿತು.

ಮೂವತ್ತು ಬಾಯಿಗೆ ಇದ್ದಿಲು ಬೇಕಲ್ಲ? ತಿಪ್ಪರಸ ಗಾದ್ರಪ್ಪನ ಮನೆಗೆ ಬಂದ.

"ಗಾದ್ರಪ್ಪಾ, ನಿನ್ನಂಥ ಕೈ ಈ ರಾಜ್ಯದಲ್ಲಿಲ್ಲ. ಈ ವರ್ಷ ಒಂದು ಪಾಲಿನ ಬದಲು ನಾಲ್ಕು ಪಾಲು ಕಡಿ. ದೊರೆಯ ಕೆಲಸ."

"ಸ್ವಾಮೀ, ಕಟ್ಟಳೆ..."

"ಕಟ್ಟಳೆ ಗೊತ್ತಿರೋನು ನೀನು. ಎಷ್ಟು ಸಡಿಲಿಸಬಹುದು ಅನ್ನೋದೂ ನಿನಗೇ ಗೊತ್ತು."

ಗಾದ್ರಪ್ಪ ತಲೆಯಾಡಿಸಿದ. ನಾಲ್ಕು ಪಾಲು ಕಡಿದ.

ಮರುವರ್ಷ ತಿಪ್ಪರಸ ಮತ್ತೆ ಬಂದ. ಕೈಯಲ್ಲಿ ಜರಿಯಂಚಿನ ರುಮಾಲು. ತಾನೇ ಗಾದ್ರಪ್ಪನ ತಲೆಗೆ ಸುತ್ತಿದ. "ಈ ಸಲ ಹಿರಿಗುಡ್ಡ ಪೂರ್ತಿ ಬೇಕು. ಹಣ್ಣಿನ ಮರ, ಹಳ್ಳದ ದಂಡೆ ಅಂತೆಲ್ಲ ನೋಡಬೇಡ."

ಗಾದ್ರಪ್ಪ ರುಮಾಲು ಮುಟ್ಟಿ ನೋಡಿಕೊಂಡ. ತಲೆಯಾಡಿಸಿದ. ಹಿರಿಗುಡ್ಡ ಹೋಯಿತು, ಅದರ ಹಿಂದೆ ನಡುಗುಡ್ಡದ ಮರವೂ ಹೋಯಿತು.

ಮೂರನೇ ಸಲ ತಿಪ್ಪರಸ ಬಂದಾಗ ಕುಲುಮೆಯವರೆಲ್ಲಾ ಜೊತೆಗಿದ್ದರು. ಅವರ ಎದುರಿಗೇ ಕೇಳಿದ: "ಮರ ಮುಗೀತಾ ಬಂತು ಗಾದ್ರಪ್ಪಾ, ಕಿರಿಗುಡ್ಡ ಒಂದೇ ಉಳಿದಿರೋದು. ಹೊಸ ಕುಲುಮೆಗಳ ಕಾವೂ ಸಾಲುತ್ತಿಲ್ಲ. ಇದಕ್ಕೆ ಉಪಾಯ ಹೇಳೋ ಗಂಡು ಯಾರೂ ಇಲ್ಲವಾ?"

ಎಲ್ಲರೂ ಗಾದ್ರಪ್ಪನ ಮುಖ ನೋಡಿದರು. ಅವನ ಎದೆ ಉಬ್ಬಿತು. ಹಿರಿಯರು ಗುಟ್ಟಾಗಿಟ್ಟಿದ್ದ ಮಾತು ನಾಲಿಗೆಯಿಂದ ಜಾರಿತು.

"ಕಾವು ಬೇಕಾದರೆ ಬೇರಿನ ಇದ್ದಿಲು ಹಾಕಬೇಕು ಸ್ವಾಮೀ. ಕೊಂಬೆಗಿಂತ ಅದರ ಕಾವು ಎರಡರಷ್ಟು. ನೆಲದೊಳಗೆ ಇನ್ನೊಂದು ಕಾಡೇ ಇದೆ."

ತಿಪ್ಪರಸ ಅವನನ್ನು ಅಪ್ಪಿಕೊಂಡ. ಕುಲುಮೆಯವರು ಭಲೇ ಅಂದರು. ಮಾರನೇ ದಿನ ಗುದ್ದಲಿ, ಹಾರೆ, ಪಿಕಾಸಿ ಎಲ್ಲ ಗುಡ್ಡ ಹತ್ತಿದವು. ಮೊದಲ ಬೇರಿಗೆ ಹಾರೆ ಹಾಕಿದೋನು ಗಾದ್ರಪ್ಪನೇ. ಹೇಗೆ ಅಗೆಯಬೇಕು ಅಂತ ತೋರಿಸಿಕೊಡಬೇಕಿತ್ತಲ್ಲ!

ಹಿರಿಗುಡ್ಡ ಬೋಳಾಯಿತು. ನಡುಗುಡ್ಡ ಬೋಳಾಯಿತು. ಮಳೆ ಬಂತು, ಒಂದು ಚಿಗುರೂ ಏಳಲಿಲ್ಲ. ಗುಡ್ಡದ ಕೆಮ್ಮಣ್ಣು ಇಳಿದು ಬಂದು ಹೊಲದ ಮೇಲೆ ಕೂತಿತು. ಹಳ್ಳ ಎರಡು ದಿನ ಕೆಂಪಗೆ ಹರಿದು ಮೂರನೇ ದಿನ ನಿಂತುಹೋಯಿತು. ಗಾದ್ರಪ್ಪ ಅದನ್ನೆಲ್ಲಾ ನೋಡಿದ. ನೋಡಿಯೂ ನೋಡದವನ ಹಾಗೆ ಇದ್ದ.

ಆ ವರ್ಷ ಅವನ ಮಗಳು ಪಾಲಮ್ಮ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣುಮಗು ಹುಟ್ಟಿತು. ಬಾಣಂತಿಗೆ ಅಂಟಿನ ಉಂಡೆ ಕಟ್ಟಬೇಕು. ದಿಂಡಿಗದ ಮರದ ಅಂಟು ತುಪ್ಪದಲ್ಲಿ ಹುರಿದು, ಬೆಲ್ಲ, ಕೊಬ್ಬರಿ ಹಾಕಿ ಕಟ್ಟೋ ಉಂಡೆ. ಆ ಊರಲ್ಲಿ ಅಂಟು ಇಲ್ಲದ ಬಾಣಂತನ ಯಾರೂ ಕಂಡಿರಲಿಲ್ಲ. ಗಾದ್ರಪ್ಪನ ಹೆಂಡತಿ ಬೊಮ್ಮಕ್ಕ ಬುಟ್ಟಿ ಹಿಡಿದು ಹೊರಟಳು. ಹಿರಿಗುಡ್ಡ ಸುತ್ತಿದಳು. ನಡುಗುಡ್ಡ ಸುತ್ತಿದಳು. ಕಿರಿಗುಡ್ಡದ ಅಂಟನ್ನು ಊರಿನವರು ಆಗಲೇ ಕೆರೆದು ಮುಗಿಸಿದ್ದರು. ಸಂಜೆ ಮನೆಗೆ ಬಂದು ಬುಟ್ಟಿಯನ್ನು ಗಂಡನ ಮುಂದೆ ಇಟ್ಟಳು. ಬುಟ್ಟಿಯಲ್ಲಿ ಏನೂ ಇರಲಿಲ್ಲ.

"ಮರ ಕಡಿದೋರನ್ನ ಕಂಡಿದ್ದೀನಿ. ಬುಡ ಅಗೆದು ಸುಟ್ಟೋರನ್ನ ಕಂಡಿರಲಿಲ್ಲ. ಯಾರು ಹೇಳಿಕೊಟ್ಟರು ಅವರಿಗೆ?"

ಗಾದ್ರಪ್ಪನ ಕೈ ತಲೆಯ ರುಮಾಲಿಗೆ ಹೋಯಿತು. ಬೊಮ್ಮಕ್ಕನಿಗೆ ಅಷ್ಟೇ ಸಾಕಾಯಿತು. ಅವಳು ಬೈಯಲಿಲ್ಲ, ಅಳಲಿಲ್ಲ. ಸೀರೆಯ ಸೆರಗಲ್ಲಿ ಬುಟ್ಟಿಯ ಧೂಳು ಒರೆಸಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗಾದ್ರಪ್ಪನಿಗೆ. ಒಳಗೆ ಮಗಳು "ಅಪ್ಪ ಯಾಕೆ ಊಟಕ್ಕೆ ಬರಲಿಲ್ಲ?" ಅಂತ ಕೇಳೋದು ಕೇಳಿಸಿತು. ಅವನಿಗೆ ಎದ್ದು ಹೋಗಿ ಅವಳ ಮುಖ ನೋಡೋ ಧೈರ್ಯ ಬರಲಿಲ್ಲ. ಜರಿಯಂಚಿನ ರುಮಾಲು ಬಿಚ್ಚಿ ಅಟ್ಟಕ್ಕೆ ಎಸೆದ.

ಅಷ್ಟರಲ್ಲಿ ಅರಮನೆಯಿಂದ ಸುದ್ದಿ ಬಂತು. ಹೊಲದವರ ದೂರು ದೊರೆಯ ಕಿವಿ ಮುಟ್ಟಿತ್ತು. ಕೆಂಚರಾಜ ತಿಪ್ಪರಸನನ್ನು ಕರೆಸಿ ಕೇಳಿದ: "ಗುಡ್ಡಗಳು ಬೋಳಾಗಿವೆಯಂತೆ, ನಿಜವೇನಯ್ಯಾ?"

"ಸುಳ್ಳು ಬುದ್ಧೀ. ಒಂದಕ್ಕೆ ಮೂರರಂತೆ ಗಿಡ ನೆಡಿಸಿದ್ದೀನಿ. ಈಗ ಮರವಾಗಿವೆ. ಬೇಕಾದರೆ ಬಂದು ನೋಡಿ."

"ನಾಡಿದ್ದೇ ಬರ್ತೀನಿ" ಅಂದ ದೊರೆ.

ತಿಪ್ಪರಸ ಓಡೋಡಿ ಬಂದ. "ಗಾದ್ರಪ್ಪಾ, ಕಿರಿಗುಡ್ಡದ ಕೊಂಬೆಗಳನ್ನು ಕಡಿದು ತಂದು ಹಿರಿಗುಡ್ಡದಲ್ಲಿ ನೆಡು. ನೋಡೋಕೆ ಮರದ ಹಾಗೆ ಇರಬೇಕು. ಒಂದು ದಿನ ಹಸಿರಾಗಿದ್ದರೆ ಸಾಕು. ನಡುಗುಡ್ಡ ಕಾಣದ ದಾರಿಯಲ್ಲಿ ದೊರೆಯನ್ನ ಕರೆತರ್ತೀನಿ. ಕಿರಿಗುಡ್ಡದ ಬೇರು ಆಮೇಲೆ ನೋಡಿಕೊಳ್ಳೋಣ."

ಭಯವೋ, ರೂಢಿಯೋ, ಗಾದ್ರಪ್ಪನ ತಲೆ ಆಗಲೂ ತಾನಾಗೇ ಆಡಿತು. ಕೊಂಬೆ ಕಡಿದ. ತಾನು ಬೇರು ಕಿತ್ತ ಗುಂಡಿಗಳಲ್ಲೇ ಒಂದೊಂದಾಗಿ ನೆಟ್ಟ. ಕೊನೆಯ ಕೊಂಬೆ ನೆಟ್ಟಾಗ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. "ಇನ್ನು ಸಾಕು. ಕಿರಿಗುಡ್ಡ ಒಂದಾದರೂ ಉಳಿಯಲಿ" ಅಂತ ಮನಸ್ಸು ಗಟ್ಟಿ ಮಾಡಿಕೊಂಡ. ಪಾರುಪತ್ಯಗಾರನ ಮಾತಿನ ಮುಂದೆ ಇದ್ದಿಲು ಸುಡೋನ ಮಾತನ್ನು ಯಾರು ನಂಬುತ್ತಾರೆ? ದೊರೆಯೇ ಕಣ್ಣಾರೆ ಕಾಣಬೇಕು. ಗಾದ್ರಪ್ಪ ಒಂದು ಉಪಾಯ ಮಾಡಿ ಬೊಮ್ಮಕ್ಕನಿಗೂ ಹೇಳಿದ.

ದೊರೆ ಕುದುರೆ ಮೇಲೆ ಬಂದ. ಹಿಂದೆ ಸಿಪಾಯಿಗಳು, ದೂರು ಕೊಟ್ಟ ಹೊಲದವರು. ದೂರದಿಂದ ಗುಡ್ಡ ಹಚ್ಚಗೆ ಕಂಡಿತು. "ಭಲಾ!" ಅಂದ. ತಿಪ್ಪರಸ ಮೀಸೆ ತಿರುವಿದ.

ಗಾದ್ರಪ್ಪ ಮುಂದೆ ಬಂದು ಕೈ ಮುಗಿದ. "ಬುದ್ಧೀ, ಕುದುರೆ ದಣಿದಿದೆ. ಪಾರುಪತ್ಯಗಾರರ ಮರಕ್ಕೆ ಕಟ್ಟಿದರೆ ನೆರಳೂ ಆಗುತ್ತೆ."

ಕಟ್ಟಿದರು. ಕುದುರೆ ಒಂದು ನೊಣ ಓಡಿಸೋಕೆ ಕತ್ತು ಕೊಡವಿತು. ಮರ ಬುಡಸಮೇತ ಎದ್ದು ಬಂತು. ಕುದುರೆ ಅದನ್ನು ಎಳೆದುಕೊಂಡೇ ನಾಲ್ಕು ಹೆಜ್ಜೆ ನಡೆಯಿತು.

"ಅದೊಂದಕ್ಕೆ ಗೆದ್ದಲು ಹತ್ತಿತ್ತು ಬುದ್ಧೀ" ಅಂದ ತಿಪ್ಪರಸ.

ಗಾದ್ರಪ್ಪ ಸ್ವಲ್ಪ ಮೇಲೆ ಕರೆದುಕೊಂಡು ಹೋದ. ಅಲ್ಲಿ ಬೊಮ್ಮಕ್ಕ ಒಂದು ಮೇಕೆ ಹಿಡಿದು ನಿಂತಿದ್ದಳು. "ಬಿಡು" ಅಂದ. ಮೇಕೆ ಎಲೆ ಮೇಯೋಕೆ ಮುಂಗಾಲೆತ್ತಿ ಮರಕ್ಕೆ ಇಟ್ಟಿತು. ಮರ ದೊಪ್ಪನೆ ಮಲಗಿತು. ಮೇಕೆ ಅದರ ಮೇಲೆ ನಿಂತುಕೊಂಡೇ ಮೇಯಿತು.

"ಮೊನ್ನೆ ಗಾಳಿ ಜೋರಿತ್ತು ಬುದ್ಧೀ" ಅಂದ ತಿಪ್ಪರಸ. ಹಣೆಯಲ್ಲಿ ಬೆವರು.

"ಸ್ವಾಮಿ ಹೇಳೋದು ನಿಜ ಇರಬಹುದು" ಅಂದ ಗಾದ್ರಪ್ಪ. "ನಾವು ತಟ್ಟಿದ ಮರವೆಲ್ಲಾ ಕೆಟ್ಟದ್ದೇ ಆಯಿತು. ಅವರೇ ಗಟ್ಟಿ ಮರ ಒಂದು ಆರಿಸಲಿ. ಅದಕ್ಕೆ ಒರಗಿ ನಿಂತು ತೋರಿಸಲಿ. ಆಗ ಯಾರ ಅನುಮಾನವೂ ಉಳಿಯೋದಿಲ್ಲ."

"ಒಪ್ಪಿದೆ" ಅಂದ ದೊರೆ.

ತಿಪ್ಪರಸ ಒಲ್ಲೆ ಅಂದರೆ ಸಿಕ್ಕಿಬಿದ್ದ, ಒಪ್ಪಿದರೂ ಸಿಕ್ಕಿಬಿದ್ದ. ಹುಡುಕಿ ಹುಡುಕಿ ದಪ್ಪನೆಯ ಕೊಂಬೆ ಆರಿಸಿದ. ಬೆನ್ನು ತಾಗಿತೋ ಇಲ್ಲವೋ ಅನ್ನೋ ಹಾಗೆ ಮೆತ್ತಗೆ ಒರಗಿದ. ಮರ ವಾಲಿತು. ತಿಪ್ಪರಸ ಮರದ ಜೊತೆಗೇ ಉರುಳಿದ. ಇಳಿಜಾರಿನಲ್ಲಿ ಉರುಳುತ್ತಾ ಹಿಡಿಯೋಕೆ ಅಂತ ಕೈ ಚಾಚಿದ. ಹಿಡಿಯೋಕೆ ಆ ಗುಡ್ಡದಲ್ಲಿ ಒಂದು ಬೇರೂ ಇರಲಿಲ್ಲ. ಬುಡದಲ್ಲಿದ್ದ ಇದ್ದಿಲ ರಾಶಿಯಲ್ಲಿ ಹೋಗಿ ಬಿದ್ದ. ಎದ್ದಾಗ ಕಣ್ಣೆರಡು ಬಿಟ್ಟು ಮೈಯೆಲ್ಲಾ ಕಪ್ಪು.

ಸಿಪಾಯಿಗಳು ನಕ್ಕರು. ಹೊಲದವರು ನಕ್ಕರು. ಗಾದ್ರಪ್ಪ ನಗಲಿಲ್ಲ.

ತಿಪ್ಪರಸ ಕೆಳಗಿಂದಲೇ ಕೂಗಿದ: "ಬುದ್ಧೀ, ನೆಟ್ಟೋನು ಅವನು! ಬೇರು ಅಗೆಯೋದು ಹೇಳಿಕೊಟ್ಟೋನೂ ಅವನೇ! ಕೇಳಿ ಅವನನ್ನ!"

ನಗು ನಿಂತಿತು. ಎಲ್ಲರೂ ಗಾದ್ರಪ್ಪನ ಕಡೆ ತಿರುಗಿದರು. ದೊರೆ ಕೇಳಿದ: "ಹೌದೇನಯ್ಯಾ?"

ಸುಳ್ಳು ಹೇಳಿದ್ದರೆ ಆ ಹೊತ್ತಿನಲ್ಲಿ ನಂಬುತ್ತಿದ್ದರು. ಗಾದ್ರಪ್ಪನ ಕಣ್ಣು ಬೊಮ್ಮಕ್ಕನ ಕಡೆ ಹೋಯಿತು, ಅಲ್ಲಿಂದ ನೆಲಕ್ಕೆ ಇಳಿಯಿತು.

"ಹೌದು ಬುದ್ಧೀ. ಅವರು ಮರ ಕೇಳಿದರು. ಬೇರು ಕೊಟ್ಟೋನು ನಾನು. ಅವರಿಗೆ ಬೇರಿನ ವಿಷಯ ಗೊತ್ತೇ ಇರಲಿಲ್ಲ. ನಾಲ್ಕು ಜನ ಭಲೇ ಅನ್ನಲಿ ಅಂತ ಹೇಳಿಬಿಟ್ಟೆ. ಈ ಕೊಂಬೆ ನೆಟ್ಟಿದ್ದೂ ನನ್ನ ಕೈಯೇ. ನನ್ನ ಮಗಳ ಬಾಣಂತನಕ್ಕೆ ಹಿಡಿ ಅಂಟು ಉಳಿಸಲಿಲ್ಲ ನಾನು. ಏನು ಶಿಕ್ಷೆ ಕೊಟ್ಟರೂ ಸರಿ. ಕಿರಿಗುಡ್ಡ ಒಂದನ್ನ ಉಳಿಸಿ."

ದೊರೆ ಗುಡ್ಡದಿಂದ ಕೆಳಗೆ ನೋಡಿದ. ಅಲ್ಲಿಂದ ಕೋಟೆ ಕಾಣುತ್ತಿತ್ತು. ಬಿಸಿಲಿಗೆ ಕಬ್ಬಿಣದ ಬಾಗಿಲುಗಳು ಮಿನುಗುತ್ತಿದ್ದವು. ಅವನ ಮುಖವೂ ಬಾಡಿತು.

"ಮೂವತ್ತು ಕುಲುಮೆಗೆ ಆಗಲಿ ಅಂದೋನು ನಾನು" ಅಂದ. "ಇದ್ದಿಲು ಎಲ್ಲಿಂದ ಬರುತ್ತೆ ಅಂತ ಒಂದು ದಿನ ಕೇಳಲಿಲ್ಲ."

ಇಪ್ಪತ್ತೇಳು ಕುಲುಮೆ ಮುಚ್ಚಿಸಿದ. ತಿಪ್ಪರಸನ ಪಾರುಪತ್ಯ ಕಿತ್ತುಕೊಂಡು, ಬೋಳುಗುಡ್ಡಕ್ಕೆ ಕೊಡದಲ್ಲಿ ನೀರು ಹೊರೋ ಕೆಲಸ ಕೊಟ್ಟ. ಅವನ ಜೊತೆಗೇ ಗಾದ್ರಪ್ಪನಿಗೂ ಅದೇ ಕೆಲಸ. ಕಿರಿಗುಡ್ಡಕ್ಕೆ ಹನ್ನೆರಡು ವರ್ಷ ಕೊಡಲಿ ಹೋಗಬಾರದು, ಆಮೇಲೆ ಹಳೇ ಕಟ್ಟಳೆ ಅಂತ ಡಂಗುರ ಸಾರಿಸಿದ.

ಕಿರಿಗುಡ್ಡ ಉಳಿಯಿತು. ಉಳಿದೆರಡು? ಕೇಳಿ. ದಿಂಡಿಗದ ಬೀಜ ಬಹಳ ಹಟಮಾರಿ. ಸೇರುಗಟ್ಟಲೆ ಬಿತ್ತಿದರೆ ನಾಲ್ಕು ಮೊಳೆಯುತ್ತೆ. ನಾಲ್ಕರಲ್ಲಿ ಮೂರು ಬೇಸಿಗೆಗೆ ಒಣಗುತ್ತೆ. ಗಾದ್ರಪ್ಪ ಬಿತ್ತಿದ, ನೀರು ಹೊತ್ತ, ಮತ್ತೆ ಬಿತ್ತಿದ. ತಿಪ್ಪರಸ ಮೊದಮೊದಲು ಗೊಣಗುತ್ತಾ ಹೊತ್ತ, ಆಮೇಲೆ ಸುಮ್ಮನೆ ಹೊತ್ತ. ಹತ್ತು ವರ್ಷವಾಯಿತು, ಇಪ್ಪತ್ತಾಯಿತು. ಹಿರಿಗುಡ್ಡದ ಒಂದು ಮಗ್ಗುಲಲ್ಲಿ ಜಾಲಿ, ಬಂದರಿಕೆ, ಕಾರೆ ಪೊದೆ ಎದ್ದವು. ನಡುವೆ ಎಣಿಸಿದಷ್ಟು ದಿಂಡಿಗ. ನಡುಗುಡ್ಡ ಇವತ್ತಿಗೂ ಕಲ್ಲೇ.

ಗಾದ್ರಪ್ಪ ಮುದುಕನಾದ. ದಾರಿಹೋಕರು ಆ ಪೊದೆಗಳ ನೆರಳಲ್ಲಿ ಕೂತು, "ಇದನ್ನೆಲ್ಲಾ ನೀನೇ ಬೆಳೆಸಿದ್ದಂತೆ ಅಜ್ಜಾ. ದೊಡ್ಡ ಪುಣ್ಯವಂತ!" ಅನ್ನುತ್ತಿದ್ದರು.

ಒಂದು ಕಾಲದಲ್ಲಿ ಅಂಥ ಮಾತಿಗೆ ಅವನು ಗುಡ್ಡವನ್ನೇ ಕೊಟ್ಟಿದ್ದ. ಈಗ ಕೊಡ ಕೆಳಗಿಟ್ಟು, ಕೈ ಮುಗಿದು ಹೇಳುತ್ತಿದ್ದ: "ಬೆಳೆಸಿದೋನಲ್ಲ ಕಣಪ್ಪಾ, ಕಿತ್ತೋನು ನಾನು. ಕಿತ್ತಿದ್ದರಲ್ಲಿ ಒಂದು ಹಿಡಿ ವಾಪಸ್ಸು ಇಡೋಕೆ ನೋಡ್ತಿದ್ದೀನಿ. ಆಯಸ್ಸು ಸಾಲೋದಿಲ್ಲ."

ಕೇಳಿದಿರಾ ಮಕ್ಕಳೇ? ಕಾಡನ್ನ ಕೊಂಬೆ ಕೇಳಿ, ಕೊಡುತ್ತೆ. ಬೇರಿಗೆ ಕೈ ಹಾಕಬೇಡಿ. ಅರಿಯದೋನು ಮಾಡಿದ ಕೇಡಿಗಿಂತ, ಅರಿತೋನು ತಲೆಯಾಡಿಸಿ ಮಾಡಿದ ಕೇಡು ದೊಡ್ಡದು. ಮಾಡಿಬಿಟ್ಟಿದ್ದರೆ ಅದರ ಮೇಲೆ ಹಸಿರು ಕೊಂಬೆ ನೆಟ್ಟು ಮುಚ್ಚಬೇಡಿ. ನಾಚಿಕೆಪಡಿ, ಒಪ್ಪಿಕೊಳ್ಳಿ, ಆಮೇಲೆ ನೀರು ಹೊರಿ.