ಹಾವು ಗೊತ್ತಿಲ್ಲದ ಉಗ್ರಾಣ

ತುಂಗಭದ್ರೆಯ ದಂಡೆಯ ಮಠದಲ್ಲಿ ಗುರುಗಳೊಬ್ಬರು ಕಂಪ್ಯೂಟರ್ ವಿದ್ಯೆ ಕಲಿಸುತ್ತಿದ್ದರು. ಯಾವ ಊರಿನ ಆಸ್ಪತ್ರೆಯಲ್ಲಿ ಯಾವ ಮದ್ದಿದೆ ಎಂದು ಊರಿನವರು ಬರೆದು ಕಳಿಸಿದ್ದನ್ನೆಲ್ಲ ಶಿಷ್ಯ ಗಾದಿಲಿಂಗ ಬರೆದದ್ದನ್ನು ಬರೆದಂತೆಯೇ ಇಟ್ಟುಕೊಳ್ಳುವ ಒಂದು ಡಾಕ್ಯುಮೆಂಟ್ ಡೇಟಾಬೇಸಿಗೆ ತುಂಬಿದ.

"ಇದಕ್ಕ ಚೌಕಟ್ಟೇ ಇಲ್ಲ, ಅಜ್ಜಾರ," ಎಂದು ಮೀಸೆ ತಿರುವಿದ. "ಯಾರು ಹೆಂಗರ ಬರೀಲಿ, ಜೇಸನ್ ಅನ್ನೋ ಕಂಪ್ಯೂಟರ್ ಬರಹ ಮಾಡಿ ಒಗೀತೀನಿ. ಒಬ್ಬರದು ಉದ್ದ, ಒಬ್ಬರದು ಗಿಡ್ಡ, ಒಬ್ಬರದು ಗಂಟಿನೊಳಗ ಗಂಟು. ಎಲ್ಲಾ ನುಂಗತೈತಿ. ಇಂಥಾ ಉಗ್ರಾಣ ಜಿಲ್ಲಾದಾಗ ಇನ್ನೊಂದಿಲ್ಲ!"

"ನುಂಗೋದು ಹೊಳೀನೂ ನುಂಗತೈತಿ," ಎಂದರು ಗುರುಗಳು. "ಕೇಳಿದಾಗ ಕಕ್ಕತೈತೇನು?"

"ಕೇಳಿ ನೋಡ್ರಲ್ಲ!"

ಕೇಳುವ ಹೊತ್ತು ಅಂದೇ ಬಂತು. ದೀಪ ಹಚ್ಚುವ ವೇಳೆಗೆ ಅಂಬಿಗ ಹುಲಿಗೆಪ್ಪ ಮಗಳನ್ನು ಹೊತ್ತು ಓಡಿಬಂದ. ಅವಳ ಹಿಮ್ಮಡಿಯಲ್ಲಿ ಎರಡು ಹಲ್ಲಿನ ಗುರುತು.

"ಏನೋ ಮುಟ್ಟೈತ್ರಿ! ದೋಣಿ ಯಾವ ದಂಡಿಗೆ ಹಾಕಲಿ? ಮದ್ದಿಲ್ಲದ ಕಡೆ ಹೋದರ ಕೂಸು ಉಳಿಯಂಗಿಲ್ಲ."

ಗಾದಿಲಿಂಗ "ಹಾವು" ಎಂದು ಹುಡುಕಿದ. ಬರಿದು.

"ಸರ್ಪ" ಎಂದ. ಬರಿದು. "ನಾಗರ" ಎಂದ. ಅದೂ ಬರಿದು.

"ಒಬ್ಬ ಮಗಾನೂ ಬರೆದಿಲ್ಲ!"

"ನಿಮ್ಮೂರಾಗ ಸಂಜೀಮುಂದ ಆ ಹೆಸರು ತೆಗೆದರ ನಿಮ್ಮವ್ವ ಏನಂತಿದ್ಲೋ?" ಎಂದು ಗುರುಗಳು ಕೇಳಿದರು.

"ಬಾಯಿಗೆ ಬರೆ ಹಾಕ್ತೀನಿ ಅಂತಿದ್ಲು. ಅದರ ಹೆಸರು ಹೇಳಬಾರದು, ಹುಳ ಅನ್ನಬೇಕು ಅಂತ..."

ಮಾತು ಮುಗಿಯುವ ಮೊದಲೇ ಕೈ ಓಡಿತು. "ಹುಳ".

ಆಚೆ ದಂಡೆಯ ಆಸ್ಪತ್ರೆ ಮೇಲೆದ್ದು ಬಂತು: "ಹುಳ ಮುಟ್ಟಿದರ ಮಾಡೋ ಇಂಜೆಕ್ಷನ್ ಐತಿ. ಡಾಕ್ಟರು ಅಲ್ಲೇ ಇರ್ತಾರ."

ದೋಣಿ ಹೊರಟಿತು.

ಬೆಳಿಗ್ಗೆ ಹುಲಿಗೆಪ್ಪ ನಗುತ್ತ ಬಂದ. "ಗಂಜಿ ಬ್ಯಾಡ, ಮಂಡಕ್ಕಿ ಬೇಕು ಅಂತ ಹಟ ಹಿಡದಾಳ್ರಿ!"

ಗಾದಿಲಿಂಗನ ಎದೆ ಮತ್ತೆ ಉಬ್ಬಿತು. "ಕಕ್ಕಿತಿಲ್ಲ, ಅಜ್ಜಾರ? ಇನ್ನೊಂದೇ ಕೆಲಸ ಬಾಕಿ. ಇನ್ಮುಂದ ಎಲ್ಲಾರೂ ಹಾವು ಅಂತಲೇ ಬರೀಬೇಕು. ಬ್ಯಾರೆ ಬರೆದರ ವಾಪಸ್!"

"ಆಚೆ ದಂಡಿಯವರ ಮಾತನ್ನ ಹಂಗ ವಾಪಸ್ ಕಳಿಸಿದ್ದರ?"

ಗಾದಿಲಿಂಗ ಹೊಳೆಯ ಕಡೆ ನೋಡಿದ. ಆಚೆ ದಂಡೆಯಿಂದ ಮರಳಿ ಬಂದ ದೋಣಿ ಕಂಡಿತು.

"ಹಂಗಾದ್ರ ಏನು ತಿದ್ದಲಿ?"

"ಕೊಡೋರ ಬಾಯಿ ಅವರದೇ ಇರಲಿ," ಎಂದರು ಗುರುಗಳು. "ಕೇಳೋ ಬಾಯಿ ನಿಂದು. ಹಾವು ಅಂದಾಗ ಹುಳಾನೂ ಹುಡುಕೋಹಂಗ ಅದನ್ನ ತಿದ್ದು."