ಆಣೆಗೆ ಐದು ಇಂಚು

ಪರಮಪೂಜ್ಯ ಬೂದಯ್ಯಜ್ಜನವರ ಜೀವನದಲ್ಲಿ ಪವಾಡವನ್ನು ಹುಡುಕುವವರಿಗೆ ಈ ಪ್ರಸಂಗ ರುಚಿಸಲಿಕ್ಕಿಲ್ಲ. ನನಗಂತೂ ಇದನ್ನು ನೆನೆದಾಗಲೆಲ್ಲ ಕೈ ತಾನಾಗಿ ಮುಗಿಯುತ್ತದೆ.

ಆಣೆ-ಪೈಗಳ ಕಾಲ. ಹಾಲಗುಂಡಿ ಮಠದ ಅಡುಗೆಮನೆಯ ಜಗಲಿಯಲ್ಲಿ ಅಜ್ಜನವರು ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಅಡತಿ ವ್ಯಾಪಾರಿ ಅಂದಾನೆಪ್ಪ ಸಾವಕಾರರು ಕೋಪದಿಂದ ಕುದಿಯುತ್ತ ಬಂದರು. ಮಠದ ಆಶ್ರಯದಲ್ಲಿದ್ದ ನಲವತ್ತು ಮಂದಿ ವೃದ್ಧರಿಗೆ ಪ್ರತಿವರ್ಷ ಅಂಗಿಯ ಬಟ್ಟೆ ಕೊಡುವ ಸೇವೆ ಅವರದು. ಅಂಗಿಗೆ ಎರಡು ಗಜದಂತೆ ಎಂಬತ್ತು ಗಜ. ಯಾವಾಗಲೂ ಗಜಕ್ಕೆ ಏಳಾಣೆಯ ಬಟ್ಟೆ ತರುತ್ತಿದ್ದವರು ಆ ವರ್ಷ ಆರಾಣೆಯದು ತಂದು, ಐದು ರೂಪಾಯಿ ಉಳಿಸಿದೆನೆಂದು ಬೀಗಿದ್ದರು. ಹೊಲಿದು ಬಂದದ್ದು ಮಾತ್ರ ಮೂವತ್ನಾಲ್ಕೇ ಅಂಗಿ.

“ಅಜ್ಜಾರ, ದರ್ಜಿ ದಾವಲಸಾಬ ಹನ್ನೆರಡು ಗಜ ನುಂಗ್ಯಾನ್ರೀ! ಕೇಳಿದ್ರ, ತೊಯ್ಸಿ ಒಣಗಿಸಿ ಕತ್ತರಿ ಹಾಕೀನಿ, ಬಟ್ಟಿ ಕುಗ್ಗೇತಿ ಅಂತಾನ. ಇಷ್ಟು ವರ್ಷ ಕುಗ್ಗಲಾರದ್ದು ಈ ವರ್ಷನ ಕುಗ್ಗತೈತೇನ್ರೀ?”

ಇದೇ ಮಾತನ್ನು ಅವರು ಬಜಾರದಲ್ಲೂ ಆಡಿಬಿಟ್ಟಿದ್ದರು. ಕಳ್ಳನೆಂಬ ಹೆಸರು ಬಂದ ದರ್ಜಿಯ ಕೈಗೆ ಬಟ್ಟೆ ಕೊಡುವವರು ಯಾರು? ದಾವಲಸಾಬರ ಅಂಗಡಿ ಮೂರು ದಿನದಿಂದ ಮುಚ್ಚಿತ್ತು. ಅಂಗಡಿಯ ಹಿಂದಿನ ಅವರ ಮನೆಯಲ್ಲಿ ಒಲೆ ಸರಿಯಾಗಿ ಉರಿದಿರಲಿಲ್ಲ.

ಅಜ್ಜನವರು ಮೊರ ಕೆಳಗಿಟ್ಟರು. “ಎರಡೂ ನಮೂನಿ ಬಟ್ಟಿ ಒಂದೊಂದು ಗಜ ತಗೊಂಡು ಬಾ. ನೀನ ಒಗದು, ನೀನ ಅಳತಿ ಮಾಡು.”

ಸಾವಕಾರರು ಹುಟ್ಟಿದಾಗಿನಿಂದ ತಮ್ಮ ವಸ್ತ್ರವನ್ನೂ ಹಿಂಡಿದವರಲ್ಲ. ಗುರುವಿನ ಮಾತು, ಮೀರುವಂತಿಲ್ಲ. ಅಂಗಡಿಗೆ ಹೋಗಿ ಬಟ್ಟೆ ತಂದು, ಬಾವಿಕಟ್ಟೆಯ ಮೇಲೆ ಏದುಸಿರು ಬಿಡುತ್ತ ಒಗೆದರು. ಆರಾಣೆಯ ಬಟ್ಟೆ ಅದ್ದಿದ ಕೂಡಲೇ ನೀರೆಲ್ಲ ಗಂಜಿಯಾಯಿತು. ಮಧ್ಯಾಹ್ನ ಒಣಗಿದ ಮೇಲೆ ಅಳತೆಪಟ್ಟಿ ಹಿಡಿದರು. ಮೂವತ್ತಾರು ಇಂಚಿನ ಗಜದಲ್ಲಿ ಏಳಾಣೆಯದು ಮೂವತ್ತೈದು ಉಳಿದಿತ್ತು. ಆರಾಣೆಯದು ಮೂವತ್ತಕ್ಕೆ ಇಳಿದಿತ್ತು. ಮೂರು ಸಲ ಅಳೆದರು. ಒಮ್ಮೆ ಜಗ್ಗಿಯೂ ನೋಡಿದರು.

“ಆಣೆಗೆ ಎಷ್ಟು ಬಿತ್ತು?” ಎಂದರು ಅಜ್ಜನವರು.

ಲೆಕ್ಕ ಸಾವಕಾರರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. “ಏಳಾಣೆದು, ಆಣೆಗೆ ಐದು ಇಂಚು…” ಎಂದವರ ದನಿ ತಗ್ಗಿತು. “ಆರಾಣೆದೂ ಐದ ಇಂಚ್ರೀ.”

“ಉಳಿಸಿದ್ದು ಎಲ್ಲೈತಿ?”

“ಉಳಿಸೇ ಇಲ್ರೀ ಅಜ್ಜಾರ. ರೊಕ್ಕ ಕಮ್ಮಿ ಕೊಟ್ಟೆ, ಬಟ್ಟಿ ಕಮ್ಮಿ ಬಂತು. ಎಂಬತ್ತು ಗಜ ಒಗದ್ರ ಎರಡು ಸಾವಿರದ ನಾನೂರು ಇಂಚು; ಏಳಾಣೆದರಾಗ ಅಂಗಿಗೆ ಎಪ್ಪತ್ತು ಇಂಚು ಬೀಳತಿತ್ತು, ಆ ಲೆಕ್ಕಕ್ಕ ಮೂವತ್ನಾಲ್ಕ ಅಂಗಿ. ಆ ಮನಷ್ಯಾ ಒಂದಿಂಚೂ ಮುಟ್ಟಿಲ್ಲ.” ಹಾಗೆಂದು ಪಾದಕ್ಕೆರಗಲು ಬಗ್ಗಿದರು.

ಅಜ್ಜನವರು ಪಾದ ಹಿಂದಕ್ಕೆಳೆದುಕೊಂಡರು. “ನನಗೇನು ಅಂದೀದಿ? ಬಜಾರದಾಗ ಅಂದದ್ದು ಬಜಾರದಾಗ ತಿದ್ದು.”

ಅಂದು ಸಂತೆಯ ದಿನ. ಸಾವಕಾರರು ಆ ಎರಡು ತುಣುಕುಗಳನ್ನು ಹಿಡಿದು, ಮುಚ್ಚಿದ ಅಂಗಡಿಯ ಮುಂದೆ ನಿಂತು, ನೆರೆದ ಜನಕ್ಕೆಲ್ಲ ಕೇಳುವಂತೆ ಹೇಳಿದರು: “ದಾವಲಸಾಬ ಕಳ್ಳ ಅಲ್ಲ. ಅವನ್ನ ಕಳ್ಳ ಅಂದಾಂವ ನಾನು. ಲೆಕ್ಕ ತಪ್ಪಿದಾಂವನೂ ನಾನ.” ಹೇಳುತ್ತ ಹೇಳುತ್ತ ಅತ್ತುಬಿಟ್ಟರು.

ಬಾಗಿಲು ಅರ್ಧ ತೆರೆಯಿತು. ದಾವಲಸಾಬರು ಹೊರಗೆ ಬಂದು ಆ ಎರಡೂ ತುಣುಕುಗಳನ್ನು ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಆರು ಮಂದಿಗೆ ಇನ್ನೂ ಅಂಗಿ ಇಲ್ರೀ, ಸಾವ್ಕಾರ್ರ. ಬಟ್ಟಿ ತರ್ರಿ.”

ಏಳಾಣೆಯ ಹನ್ನೆರಡು ಗಜವನ್ನು ಸಾವಕಾರರು ತಾವೇ ಒಗೆದು, ಒಣಗಿಸಿ, ಮಡಚಿ ತಂದು ಎರಡೂ ಕೈಗಳಿಂದ ಅವರಿಗೆ ಕೊಟ್ಟರು.